ಜಿ ಅಕ್ಷರದ ಕಾರ್ಡು

ಮರ್ಲ್‌ನ ಮಗಳು ಫೋನು ಮಾಡಿದ್ದಳು, ಟೊಲೀಡೊದಿಂದ.
ಅಪ್ಪನ ಪೆಟ್ಟಿಗೆಯಲ್ಲಿ ಒಂದು ಫೋಟೋ ಸಿಕ್ಕಿದೆ,
ಹಿಂದೆ ಪೆನ್ಸಿಲಿನಲ್ಲಿ ಒಂದೇ ಮಾತು: ಗಾಫಿಯಾ.
ಇಟಲಿಯ ಊರೇ? ಹೆಂಗಸೇ?
ಅಮ್ಮನಿಗೆ ತೋರಿಸುವ ಮುಂಚೆ
ನಿಮ್ಮನ್ನೊಂದು ಮಾತು ಕೇಳೋಣ ಅಂತ.

ನಕ್ಕುಬಿಟ್ಟೆ. ನಕ್ಕದ್ದಕ್ಕೆ ಆಮೇಲೆ ಕ್ಷಮೆ ಕೇಳಿದೆ,
ಅವನನ್ನು ಮಣ್ಣು ಮಾಡಿ ಇನ್ನೂ ಒಂಬತ್ತು ದಿನ.

ಚುರುಟಿನ ಡಬ್ಬಿಗಳಲ್ಲಿವೆ ನನ್ನ ಕಾರ್ಡುಗಳು,
ಆಗ ಯಾವ ನಿಘಂಟಿಗೂ ಬೇಡವಾಗಿದ್ದ ಮಾತುಗಳು.

ಕಾರ್ಫ್ಲೂ:
ಮೇಣದ ಸ್ಟೆನ್ಸಿಲ್ಲಿನ ಮೇಲೆ ತಪ್ಪಕ್ಷರ ಬಡಿದರೆ
ಕಿರುಬೆರಳುದ್ದದ ಸೀಸೆಯಿಂದ ಒಂದು ತೊಟ್ಟು ಸವರಿ
ಉಫ್ ಎಂದು ಊದಿ, ಆರಿದ ಮೇಲೆ ಮತ್ತೆ ಬಡಿಯುವುದು.
ಕರೆಕ್ಷನ್ ಫ್ಲೂಯಿಡ್ ಎಂದು ಪೂರ್ತಿ ಹೇಳಲು
ನಮಗೆಲ್ಲಿತ್ತು ಪುರುಸೊತ್ತು?
ಭವಿಷ್ಯ ಕಾಯುತ್ತಿತ್ತು,
ಅಂಚೆ ಮಾತ್ರ ಐದಕ್ಕೆ ಹೊರಟುಬಿಡುತ್ತಿತ್ತು.

ಕ್ಲೀವ್‌ಲ್ಯಾಂಡಿನ ಬ್ರಾಡ್‌ವೇ, ಐವತ್ತೆರಡರ ಚಳಿಗಾಲ,
ವ್ಲಾಸ್ತಾಳ ಅಪ್ಪನ ಬೇಕರಿಯ ನೆಲಮಾಳಿಗೆ.
ಮೇಲೆ ಗಸಗಸೆ ತುಂಬಿದ ಬನ್ನು, ಕೆಳಗೆ ನಾವು ಮೂವರು
ಡ್ರಮ್ಮಿನ ಹಿಡಿ ತಿರುಗಿಸಿ ತಿರುಗಿಸಿ
ಮಂಗಳಗ್ರಹವನ್ನು ಅರವತ್ತು ಪ್ರತಿ ತೆಗೆಯುತ್ತಿದ್ದೆವು.
ಉಗುರು ಸಂದಿಯ ಮಸಿ ಭಾನುವಾರ ಚರ್ಚಿಗೂ ಬರುತ್ತಿತ್ತು.

ಫ್ಯಾನ್‌ಝೀನ್: ಫ್ಯಾನಿನ ತಲೆಗೆ ಮ್ಯಾಗಝೀನಿನ ಬಾಲ.
ಮಂಡೇನ್: ನಮ್ಮಂಥವರಲ್ಲದವರು.
ಎಂದರೆ ಬಾಡಿಗೆ ಕಟ್ಟುವವರು,
ಮುರಿದ ಬನ್ನುಗಳನ್ನು ನಮಗೆಂದು ತೆಗೆದಿಡುವವರು.
ಈಗೋಬೂ: ತನ್ನ ಹೆಸರು ಅಚ್ಚಾದ ಪುಟವನ್ನು
ಮರ್ಲ್ ಅಂಗಿಯೊಳಗೆ ಮಡಿಸಿಟ್ಟು
ಟ್ರಾಮಿನಲ್ಲಿ ಮೂರು ಸಲ ತೆಗೆದು ನೋಡುತ್ತಿದ್ದನಲ್ಲ, ಅದು.
ನಮ್ಮ ಪೈಕಿ ಯಾರಿಗಾದರೂ ಸಂಬಳ ಅಂತ ಸಿಕ್ಕಿದ್ದರೆ ಅಷ್ಟೇ.

ರೋಬೋಟ್ ಕಾರ್ಡಿನಲ್ಲಿ ವ್ಲಾಸ್ತಾಳ ಕೈಬರಹ.
ಅದರ ಕಣ್ಣಿಗೆ ದೀಪ, ಎದೆಗೆ ರಿವೆಟ್ಟು
ಮರ್ಲ್ ಬರೆಯುತ್ತ ಕೂತಿದ್ದಾಗ
ಹಿಟ್ಟಿನ ಕೈ ಒರೆಸುತ್ತ ಅವಳಜ್ಜಿ ಇಳಿದು ಬಂದಳು.
ಏನಿದು ಎಂದಳು. ಹೇಳಿದೆವು.
ರೋಬೋಟಾ? ಅಜ್ಜಿ ನಗಲಿಲ್ಲ.
ನನ್ನ ಅಜ್ಜನೂ ಅದನ್ನೇ ಮಾಡುತ್ತಿದ್ದ,
ವಾರಕ್ಕೆ ಮೂರು ದಿನ, ದಣಿಯ ಹೊಲದಲ್ಲಿ,
ಎತ್ತು ತನ್ನದು, ಬುತ್ತಿ ತನ್ನದು.
ಬಿಟ್ಟಿ.
ಎದೆಗೆ ರಿವೆಟ್ಟು ಇರಲಿಲ್ಲ ಅವನಿಗೆ.

ಮರ್ಲ್ ಚಿತ್ರ ಹರಿಯಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು ಅದರ ಕೈಗೊಂದು
ಬುತ್ತಿಗಂಟು ಬರೆದ.

ಫಿಲ್ಕ್: ಜಾನಪದ ಹಾಡಿಗೆ ಫೋಕ್ ಎಂದು ಬಡಿಯಹೋಗಿ
ಯಾರದೋ ಬೆರಳು ಒಂದು ಕೀ ಎಡಕ್ಕೆ ಜಾರಿತಂತೆ.
ಒಂದು ತೊಟ್ಟು ಕಾರ್ಫ್ಲೂ ಸಾಕಿತ್ತು. ಹಚ್ಚಲಿಲ್ಲ.
ಈಗ ನಡುರಾತ್ರಿ ಹೋಟೆಲು ಕೋಣೆಗಳಲ್ಲಿ ಗಿಟಾರು ಹಿಡಿದು
ಆ ತಪ್ಪನ್ನೇ ಬೆಳತನಕ ಹಾಡುತ್ತಾರೆ.

ಇನ್ನು ನಿನ್ನ ಅಪ್ಪನ ಮಾತು, ಎಂದೆ,
ಜಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು.
ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಅದು:
ಇದೆಲ್ಲದರಿಂದ ತಪ್ಪಿಸಿಕೊಂಡು ಹೋಗುವುದು.
ಕಾರ್ಡಿನಲ್ಲಿ ಅರ್ಥ ಎರಡಿವೆ.
ಒಂದು, ಕಾರ್ಖಾನೆಯ ಸೈರನ್ನು, ಸಾಲ, ಮನೆಯವರ ಗೊಣಗು
ಎಲ್ಲ ಬಿಟ್ಟು ನೆಲಮಾಳಿಗೆಗೆ ಇಳಿದು ಬರುವುದು.
ಆಮೇಲೆ ಯಾವಾಗಲೋ, ಕೋಟು ಕಳಚುವಾಗ ತೋಳು ತಿರುವಾಗುತ್ತದಲ್ಲ,
ಹಾಗೆ ಒಳಗಿನದು ಹೊರಗಾಯಿತು.
ಎರಡು, ನೆಲಮಾಳಿಗೆ ಬಿಟ್ಟು ಮೆಟ್ಟಿಲು ಹತ್ತಿ ಹೋಗುವುದು,
ಮದುವೆ, ಇನ್ಶೂರೆನ್ಸ್ ಕಂಪನಿ, ಹುಲ್ಲು ಕತ್ತರಿಸುವ ಯಂತ್ರ.
ಬೇಕರಿಯ ಬೀಗದ ಕೈಯನ್ನು ಅವನು ಕವರಿನಲ್ಲಿ ಕಳಿಸಿದ.
ಜೊತೆಗೆ ಕಾಗದವಿರಲಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ.

ಫೋಟೋದ ಮೇಲೆ ತಾರೀಖು ಇದೆಯೇ?
ಇಲ್ಲ.
ಯಾರಿದ್ದಾರೆ?
ಅಪ್ಪ ಒಬ್ಬನೇ, ಯಾವುದೋ ಮೆಟ್ಟಿಲ ಮೇಲೆ.
ಹತ್ತುತ್ತಿದ್ದಾನೋ, ಇಳಿಯುತ್ತಿದ್ದಾನೋ?

ಫೋನು ಕೆಳಗಿಟ್ಟು ನೋಡಲು ಹೋದಳು.
ಅವಳ ಮನೆಯ ಗಡಿಯಾರ ಕೇಳಿಸಿತು, ಒಂದು ನಾಯಿ.

ನಿಂತಿದ್ದಾನೆ, ಎಂದಳು. ಈ ಕಡೆ ನೋಡಿ ನಗುತ್ತಿದ್ದಾನೆ.
ಎರಡು ಕೈಯೂ ಕಪ್ಪು. ಏನಾಗಿತ್ತು ಕೈಗೆ?

ಮಸಿ ಕಣಮ್ಮ. ಸೋಪಿಗೆ ಹೋಗುವಂಥದ್ದಲ್ಲ.
ಅಮ್ಮನಿಗೆ ಹೇಳು, ಹೆಂಗಸಲ್ಲ.